ಬೀಳದ ಸ್ವಿಚ್ಚು

ಆ ಮನೆಯಲ್ಲಿ ಜಗಳ ಶುರುವಾಗುವ ಮುಂಚೆ ಒಂದು ಸದ್ದಾಗುತ್ತಿತ್ತು. ಟಪ್. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ, ಬ್ಯಾಟರಿಗಳ ಮೇಲಿನ ಬೋರ್ಡಿನಲ್ಲಿ, ಟ್ರಿಪ್ ಸ್ವಿಚ್ಚು ತಲೆ ಬಗ್ಗಿಸುತ್ತಿತ್ತು. ಫ್ಯಾನು ಸುಸ್ತಾಗಿ ನಿಲ್ಲುತ್ತಿತ್ತು. ಸೊಸೆಯ ಹೊಲಿಗೆ ಮೆಷಿನ್ನು ಅರ್ಧ ತೋಳಿಗೆ ಸೂಜಿ ಊರಿಕೊಂಡು ಹಾಗೇ ಕೂತುಬಿಡುತ್ತಿತ್ತು. ಆಮೇಲೆ ಅವಳ ದನಿ.

“ಮಾವಾ! ಮತ್ತೆ ಹೋಯ್ತು!”

“ಗೊತ್ತಾಯ್ತಮ್ಮ. ನನಗೂ ಕಿವಿ ಇದೆ.”

ಊರಿನ ಕೊನೆಯ ರಸ್ತೆ ಏರಿ ಏರಿ ಮುಗಿಯುವ ಕಡೆ ಆ ಮನೆ. ಕರೆಂಟಿನ ಕಂಬಗಳು ಅರ್ಧ ಏರಿಗೇ ನಿಂತುಬಿಟ್ಟಿದ್ದವು. ಹಾಗಾಗಿ ಮಾಳಿಗೆಯ ಮೇಲೆ ಸೋಲಾರ್ ಹಲಗೆ, ಕೆಳಗೆ ಬ್ಯಾಟರಿ, ಪಕ್ಕದಲ್ಲಿ ಗುಂಯ್‌ಗುಡುವ ಇನ್ವರ್ಟರು. ಎಲ್ಲವನ್ನೂ ಕೂರಿಸಿದ್ದು ಅಜ್ಜ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿಯೇ ಕೂದಲು ಹಣ್ಣು ಮಾಡಿಕೊಂಡವನು. ರಸ್ತೆಯವರೆಲ್ಲ ಅವನನ್ನು ಲಿಫ್ಟಜ್ಜ ಎಂದೇ ಕರೆಯುತ್ತಿದ್ದರು. ಬೋರ್ಡಿಗೆ ಬೇರೆ ಯಾರಾದರೂ ಕೈ ಹಾಕಿದರೆ ಅವನಿಗೆ ತನ್ನ ಜೇಬಿಗೇ ಕೈ ಹಾಕಿದಷ್ಟು ಸಿಟ್ಟು.

ಮಗ ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಸೊಸೆ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಅಡಿಗೆ, ಬಟ್ಟೆ ಮತ್ತು ಮೊಮ್ಮಗಳು ಅಜ್ಜಿಯ ಪಾಲು. ಮೊಮ್ಮಗಳು ಅಂಬೆಗಾಲಿಡುತ್ತ, ಸಿಕ್ಕಿದ್ದನ್ನೆಲ್ಲ ಹಿಡಿದು ಎದ್ದು ನಿಲ್ಲುವ ವಯಸ್ಸಿನವಳು. ಕೂತಲ್ಲೇ ಗಿರಗಿರ ತಿರುಗಿ ದೊಪ್ಪನೆ ಬೀಳುತ್ತಿದ್ದುದರಿಂದ ಎಲ್ಲರೂ ಬುಗುರಿ ಎನ್ನುತ್ತಿದ್ದರು.

ಸ್ವಿಚ್ಚು ಬೀಳುವುದು ಶುರುವಾಗಿ ಕೆಲವು ವಾರಗಳಾಗಿದ್ದವು. ಬಿದ್ದರೆ ಬೆಳಿಗ್ಗೆಯೇ ಬೀಳುತ್ತಿತ್ತು. ಒಂದು ದಿನ ಬೀಳುತ್ತಿತ್ತು, ಇನ್ನೊಂದು ದಿನ ಇಲ್ಲ. ಅಜ್ಜ ಮಧ್ಯಾಹ್ನ ಊಟ ಮುಗಿಸಿ, ಕನ್ನಡಕ ಏರಿಸಿಕೊಂಡು, ಮೀಟರು ಹಿಡಿದು ಒಂದೊಂದೇ ಪ್ಲಗ್ಗು ನೋಡುತ್ತಿದ್ದ. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಇತ್ತೀಚೆಗೆ ಅವನ ಕೈ ನಡುಗುತ್ತಿತ್ತು. ಮೀಟರಿನ ಮುಳ್ಳೋ ತನ್ನ ಕೈಯೋ, ಯಾವುದು ಅಲ್ಲಾಡಿದ್ದು ಎಂದು ಅವನಿಗೇ ಅನುಮಾನ. ಅದನ್ನು ಅಜ್ಜಿ ಮಾತ್ರ ನೋಡಿದ್ದಳು. ನೋಡಿಯೂ ಬಾಯಿ ಬಿಟ್ಟಿರಲಿಲ್ಲ.

ಒಂದು ರಾತ್ರಿ ಊಟಕ್ಕೆ ಕೂತಾಗ ಮಗ ಅನ್ನಕ್ಕೆ ಬೇಳೆ ಕಲಸುತ್ತ ಅಂದ, “ಅಪ್ಪ, ಪೇಟೇಲಿ ಒಬ್ಬ ಎಲೆಕ್ಟ್ರಿಷಿಯನ್ ಇದಾನೆ. ಭಾನುವಾರ ಕರ್ಕೊಂಡ್ಬರ್ತೀನಿ.”

“ಯಾಕೆ, ನಾನು ಸತ್ತೋದ್ನಾ?”

“ಸಾಯೋ ಮಾತು ಯಾರಾಡಿದ್ರು? ಎಷ್ಟು ದಿನದಿಂದ ಹುಡುಕ್ತಾ ಇದೀಯ.”

“ಎಲ್ಲೋ ಲೀಕ್ ಆಗ್ತಿದೆ ಕಣೋ. ಸ್ವಿಚ್ಚು ಸುಮ್‌ಸುಮ್ನೆ ಬೀಳಲ್ಲ. ಸಿಗುತ್ತೆ.”

“ನಿಮಗೆ ಸಿಗೋ ಹೊತ್ತಿಗೆ ಶಾಲೆ ಮಕ್ಕಳು ಕಾಲೇಜಿಗೆ ಹೋಗಿರ್ತಾರೆ ಮಾವ,” ಸೊಸೆ ನಗಲಿಲ್ಲ. “ಇವತ್ತು ಅರ್ಧ ದಿನ ಮೆಷಿನ್ ಮುಂದೆ ಕೈ ಕಟ್ಕೊಂಡು ಕೂತಿದ್ದೆ. ಹೀಗೇ ಆದ್ರೆ ನಾನು ಮೆಷಿನ್ನೂ ಬುಗುರೀನೂ ಎತ್ಕೊಂಡು ನಮ್ಮಮ್ಮನ ಮನೇಗೆ ಹೋಗ್ತೀನಿ. ಅಲ್ಲಿ ಕಂಬದ ಕರೆಂಟಿದೆ.”

ಅಜ್ಜ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅನ್ನ ಅರ್ಧಕ್ಕೇ ಉಳಿದಿತ್ತು.

ಮಾರನೆಯ ದಿನ ಸ್ವಿಚ್ಚು ಬೀಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಭಾನುವಾರ ಎಲೆಕ್ಟ್ರಿಷಿಯನ್ ಬರುವ ಮಾತು ಹಾಗೇ ಗಾಳಿಗೆ ಹೋಯಿತು. ಸೊಸೆಯ ಮೆಷಿನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಸಮನೆ ಓಡಿತು. ಮಗ ಸಂಜೆ ಬೇಕರಿಯ ಕೇಕು ತಂದು, “ಅಪ್ಪ ಅಪ್ಪಾನೇ ಬಿಡು, ಸುಮ್ನೆ ಅನುಮಾನ ಪಟ್ಟೆ” ಎಂದ. ಸೊಸೆ ಮಾವನ ತಟ್ಟೆಗೆ ದೊಡ್ಡ ತುಂಡು ಹಾಕಿದಳು.

“ಏನಾಗಿತ್ತು ಮಾವ?”

“ಒಂದು ಬೋಲ್ಟಿಂದು ಕಿರಿಕಿರಿ. ಸರಿ ಮಾಡ್ದೆ,” ಎಂದು ಅಜ್ಜ ಹೆಂಡತಿಯ ಕಡೆ ಲೋಟ ಚಾಚಿದ. “ಇನ್ನೊಂದು ಸ್ವಲ್ಪ ಚಹಾ ಹಾಕೇ.”

ಅಜ್ಜಿಗೆ ಆಗಲೇ ಏನೋ ಕೊರೆಯಿತು. ಇವನು ಸುಳ್ಳು ಹೇಳಿದಾಗಲೆಲ್ಲ ಎರಡನೇ ಲೋಟ ಚಹಾ ಕೇಳುತ್ತಾನೆ. ಮದುವೆಯಾದ ವರ್ಷದಿಂದ ನೋಡಿಕೊಂಡು ಬಂದ ಚಾಳಿ. ಆದರೆ ಎಲ್ಲರೂ ನಗುತ್ತಿದ್ದರು. ಅವಳೂ ಸುಮ್ಮನೆ ಚಹಾ ಬಗ್ಗಿಸಿದಳು.

ಮೊದಲ ಸಲ ಅದು ಕಚ್ಚಿದ್ದು ಫ್ರಿಜ್ಜಿನ ಬಾಗಿಲಲ್ಲಿ. ಹಿಂಬಾಗಿಲ ಹತ್ತಿರ ಬಟ್ಟೆ ಒಗೆಯುವ ಮೆಷಿನ್ನು ತಿರುಗುತ್ತಿತ್ತು. ಅಜ್ಜಿ ಮೊಟ್ಟೆ ತೆಗೆಯಲೆಂದು ಒದ್ದೆ ಕೈಯಲ್ಲೇ ಫ್ರಿಜ್ಜಿನ ಹಿಡಿ ಹಿಡಿದಳು. ಮೊಣಕೈವರೆಗೂ ಏನೋ ಜುಮ್ಮನೆ ಹರಿಯಿತು. ಅವಳು ಕೈ ಕೊಡವಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ರೀ! ಫ್ರಿಜ್ಜು ಶಾಕ್ ಹೊಡೀತು!”

ಅಜ್ಜ ಪೇಪರಿನಿಂದ ತಲೆ ಎತ್ತಲಿಲ್ಲ. “ವಯಸ್ಸಾಯ್ತಲ್ಲ, ನರದ್ದು ಅದು. ನನಗೂ ಕೈ ಜೋಮು ಹಿಡಿಯುತ್ತೆ.”

“ಜೋಮು ಯಾವುದು, ಶಾಕ್ ಯಾವುದು ನನಗೆ ಗೊತ್ತಾಗಲ್ವಾ?”

ಸಂಜೆ ಮಗ ಟೆಸ್ಟರು ತಂದು ಫ್ರಿಜ್ಜಿನ ಮೈಗೆಲ್ಲ ಮುಟ್ಟಿಸಿದ. ದೀಪ ಹತ್ತಲಿಲ್ಲ. “ಏನೂ ಇಲ್ಲಮ್ಮ” ಎಂದು ಬರಿಗೈಯಲ್ಲಿ ಫ್ರಿಜ್ಜನ್ನು ತಬ್ಬಿ ತೋರಿಸಿದ. ಸೊಸೆ ನಕ್ಕಳು. ಅಜ್ಜಿಗೂ ನಾಚಿಕೆಯಾಯಿತು. ಅಜ್ಜ ಎರಡನೇ ಲೋಟ ಚಹಾ ಕೇಳಿದ.

ಎರಡು ದಿನ ಬಿಟ್ಟು ಅದು ಮತ್ತೆ ಕಚ್ಚಿತು. ಈ ಸಲ ಫ್ರಿಜ್ಜಲ್ಲ, ಸೊಸೆಯ ಹೊಲಿಗೆ ಮೇಜಿನ ಕಬ್ಬಿಣದ ಕಾಲು. ನೆಲ ಒರೆಸುತ್ತಿದ್ದ ಅಜ್ಜಿಯ ಕೈಯಿಂದ ಬಟ್ಟೆ ಹಾರಿಬಿತ್ತು. ಮೇಜಿನ ಮೇಲೆ ಬಗ್ಗಿ ಹೊಲಿಯುತ್ತಿದ್ದ ಸೊಸೆ ಹುಬ್ಬೇರಿಸಿದಳು.

“ನಿನಗೇನೂ ಆಗ್ಲಿಲ್ವಾ?”

“ಇಲ್ಲ ಅತ್ತೆ. ನಾನು ದಿನಾ ಇಲ್ಲೇ ಅಲ್ವಾ ಕೂರೋದು?”

ಹಿಂಬಾಗಿಲ ಕಡೆ ಒಗೆಯುವ ಮೆಷಿನ್ನು ದಡಬಡ ಸದ್ದು ಮಾಡುತ್ತಿತ್ತು. ಅಜ್ಜಿ ನೆಲದ ಮೇಲೆ ಕೂತೇ ಸೊಸೆಯ ಕಾಲು ನೋಡಿದಳು. ರಬ್ಬರಿನ ದಪ್ಪ ಚಪ್ಪಲಿ. ಮಗ ಎದ್ದಾಗಿನಿಂದ ಮಲಗುವವರೆಗೂ ಬೂಟು, ಇಲ್ಲವೇ ಚಪ್ಪಲಿ. ಮಂಡಿ ನೋವು ಬಂದಾಗಿನಿಂದ ಗಂಡನದೂ ಮನೆಯೊಳಗೇ ಚಪ್ಪಲಿ. ಆ ಮನೆಯಲ್ಲಿ ಬರಿಗಾಲಲ್ಲಿ ಓಡಾಡುವವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬಳು, ಆಗಷ್ಟೇ ಬಾಯಲ್ಲಿಟ್ಟುಕೊಂಡ ಕೈಯನ್ನು ಹೊರಗೆ ತೆಗೆದು, ಜೊಲ್ಲು ಸುರಿಸುತ್ತ, ಮೇಜಿನ ಅದೇ ಕಾಲಿನ ಕಡೆ ಅಂಬೆಗಾಲಲ್ಲಿ ಬರುತ್ತಿದ್ದಳು.

ಅಜ್ಜಿ ಎದ್ದವಳೇ ಬುಗುರಿಯನ್ನು ಬಾಚಿ ಸೊಂಟಕ್ಕೆ ಏರಿಸಿಕೊಂಡಳು.

ಆವತ್ತಿನಿಂದ ಅವಳು ಮಗುವನ್ನು ನೆಲಕ್ಕೆ ಬಿಡಲಿಲ್ಲ. ಸೊಂಟದಲ್ಲಿ ಕೂರಿಸಿಕೊಂಡೇ ತರಕಾರಿ ಹೆಚ್ಚಿದಳು, ಸೊಂಟದಲ್ಲಿ ಕೂರಿಸಿಕೊಂಡೇ ಅನ್ನ ಬಸಿದಳು. ಫ್ರಿಜ್ಜಿನ ಮುಂದೆ ಹಳೆ ರಬ್ಬರು ಹಾಸು ಬಂತು. ಹೊಲಿಗೆ ಮೇಜಿನ ಕಾಲುಗಳಿಗೆ ಹರಿದ ಸೀರೆ ಸುತ್ತಿದಳು. ಪೇಟೆಯಿಂದ ಮಗನ ಕೈಲಿ ಪುಟ್ಟ ರಬ್ಬರು ಬೂಟು ತರಿಸಿದಳು. ಬುಗುರಿ ಒಂದನ್ನು ಕಿತ್ತು ಬಕೆಟ್ಟಿಗೆ ಹಾಕಿದಳು, ಇನ್ನೊಂದನ್ನು ಕಚ್ಚಿ ಕಚ್ಚಿ ಮುಗಿಸಿದಳು.

ಸೊಸೆ ಕೆಲವು ದಿನ ಸುಮ್ಮನಿದ್ದಳು. ಆಮೇಲೆ ಒಂದು ಮಧ್ಯಾಹ್ನ ಸಿಡಿದಳು.

“ಅತ್ತೆ, ಅವಳನ್ನ ಕೆಳಗೆ ಬಿಡಿ.”

“ಇರ್ಲಿ ಬಿಡು, ನೆಲ ತಣ್ಣಗಿದೆ.”

“ಪಕ್ಕದ ಬೀದಿಯ ಅವಳ ವಾರಿಗೆ ಮಕ್ಕಳು ಆಗ್ಲೇ ಹೆಜ್ಜೆ ಇಡ್ತಿದಾವೆ. ಇವಳು ನಿಮ್ಮ ಸೊಂಟದಲ್ಲೇ ಬೆಳೀಬೇಕಾ? ಮಗು ಯಾರದು ಅಂತ ಮರ್ತೇಬಿಟ್ರಾ?”

ಆ ಮಾತು ಅಜ್ಜಿಯ ಎದೆಗೇ ನಾಟಿತು. ಕಾರಣ ಹೇಳಿದರೆ ಮತ್ತೆ ನರದ ಮಾತು, ಮತ್ತೆ ನಗು. ಹೇಳದಿದ್ದರೆ ಮೊಮ್ಮಗಳ ಮೇಲೆ ಹಕ್ಕು ಸ್ಥಾಪಿಸುವ ಮುದುಕಿ. ಅವಳು ಕಣ್ಣೊರೆಸಿಕೊಂಡು, ಮಗುವನ್ನು ಒಗೆದ ಬಟ್ಟೆಯ ರಾಶಿಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲೇ ಕೂತಳು. ಹೆದರಿಕೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಮನೆಯ ಪ್ರತಿ ತಗಡು, ಪ್ರತಿ ಕಬ್ಬಿಣ ಈಗ ಅವಳಿಗೆ ಹಲ್ಲಿರುವ ವಸ್ತು. ಎಲ್ಲಕ್ಕಿಂತ ಭಯವಾಗುತ್ತಿದ್ದದ್ದು ಮನೆಯ ನೆಮ್ಮದಿ ಕಂಡು. ಇಷ್ಟು ದಿನವಾಯಿತು, ಒಂದು ಸಲವೂ ಟಪ್ ಎನ್ನಲಿಲ್ಲವಲ್ಲ!

ಬೋಲ್ಟು ಸಿಕ್ಕಿದ್ದು ಗಂಡನ ಅಂಗಿ ಒಗೆಯಲು ಹಾಕುವಾಗ. ಜೇಬು ಭಾರವಾಗಿತ್ತು. ತೆಗೆದು ನೋಡಿದರೆ ಹಿತ್ತಾಳೆಯ ಬೋಲ್ಟು, ಅದರ ಜೊತೆ ಬೆರಳುದ್ದದ ತಾಮ್ರದ ಪಟ್ಟಿ.

ಅವಳಿಗೆ ಅದರ ಗುರುತಿತ್ತು. ಇನ್ವರ್ಟರು ಕೂರಿಸಿದ ದಿನ ಗಂಡ ಅವಳನ್ನು ಮೆಟ್ಟಿಲ ಕೆಳಗೆ ಕರೆದು, ಹೊಸ ಮದುಮಗನ ಉತ್ಸಾಹದಲ್ಲಿ ವಿವರಿಸಿದ್ದ. “ನೋಡೇ, ಕರೆಂಟು ಒಂದು ವೈರಲ್ಲಿ ಹೋಗಿ ನ್ಯೂಟ್ರಲ್ ವೈರಲ್ಲಿ ವಾಪಸ್ ಬರುತ್ತೆ. ಹೋದಷ್ಟೂ ಬಂತಾ ಅಂತ ಈ ಸ್ವಿಚ್ಚು ನೋಡ್ತಾ ಕೂತಿರುತ್ತೆ. ದಾರೀಲಿ ಎಲ್ಲಾದ್ರೂ ತಗಡಿಗೆ ಸೋರಿದ್ರೆ, ಸೋರಿದ್ದು ಈ ಹಸಿರು ಅರ್ತ್ ವೈರಲ್ಲಿ ಬಂದು, ಈ ಬೋಲ್ಟು ದಾಟಿ, ಸ್ವಿಚ್ಚಿನ ಬೆನ್ನ ಹಿಂದಿಂದ ನ್ಯೂಟ್ರಲ್ ಸೇರುತ್ತೆ. ಮುಂದಿನ ಬಾಗಿಲಲ್ಲಿ ಕಡಿಮೆ ಬಂತಲ್ಲ ಅಂತ ಸ್ವಿಚ್ಚು ಟಪ್ ಅಂತ ಬೀಳುತ್ತೆ. ಹೊರಗೆ ಮಣ್ಣಲ್ಲಿ ಹೂತ ಸಲಾಕೆಯ ವೈರೂ ಇದೇ ಬೋಲ್ಟಿಗೆ. ನ್ಯೂಟ್ರಲ್ಲೂ ನೆಲವೂ ಕೈ ಹಿಡಿಯೋದು ಇಡೀ ಮನೇಲಿ ಇದೊಂದೇ ಕಡೆ. ಎರಡು ಕಡೆ ಹಿಡಿದ್ರೂ ತಪ್ಪು, ಎಲ್ಲೂ ಹಿಡೀದಿದ್ರೆ ಸ್ವಿಚ್ಚು ಕುರುಡು.”

“ಅಂದ್ರೆ ಮದುವೆ ಒಂದೇ ಸಲ ಅನ್ನಿ,” ಅಂದಿದ್ದಳು ಅವಳು. ಇಬ್ಬರೂ ನಕ್ಕಿದ್ದರು. ಸಲಾಕೆ ಹೂತ ಗುಂಡಿ ಒಣಗಬಾರದೆಂದು ಅವತ್ತಿನಿಂದ ದಿನಾ ಬೆಳಿಗ್ಗೆ ಒಂದು ಬಿಂದಿಗೆ ನೀರು ಸುರಿಯುವ ಕೆಲಸ ಅವಳದಾಗಿತ್ತು. ಮೈ ಬಿಸಿ ಇದ್ದ ದಿನವೂ ತಪ್ಪಿಸಿರಲಿಲ್ಲ. ಇವತ್ತೂ ಸುರಿದು ಬಂದಿದ್ದಳು. ಒಳಗಡೆ ವೈರೇ ಕಳಚಿ ನೇತಾಡುತ್ತಿದ್ದರೆ ಆ ನೀರು ಯಾರಿಗೆ?

ಗಂಡ ಹಿತ್ತಿಲ ಕಲ್ಲಿನ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದ. ಅವಳು ಅವನ ತೊಡೆಯ ಮೇಲೆ ಬೋಲ್ಟಿಟ್ಟಳು.

ಅವನು ಅದನ್ನು ಬೆರಳಲ್ಲಿ ಹೊರಳಿಸಿದ. “ಹುಡುಕ್ತಾನೇ ಇದೀನಿ,” ಎಂದ ಮೆಲ್ಲಗೆ. “ಸಿಕ್ಕಿದ ತಕ್ಷಣ ಹಾಕ್ತೀನಿ. ಮಗನಿಗೆ ಹೇಳ್ಬೇಡ.”

“ಮಗು ಮುಟ್ಟಿದ್ರೆ?”

“ಸಣ್ಣ ಲೀಕು ಕಣೇ. ಏನಾಗಲ್ಲ.”

“ಏನಾಗಲ್ಲ ಅಂತ ನನ್ನ ಮುಖ ನೋಡಿ ಹೇಳಿ.”

ಅವನು ನೋಡಲಿಲ್ಲ. ಬೋಲ್ಟನ್ನು ಮತ್ತೆ ಜೇಬಿಗೆ ಹಾಕಿಕೊಂಡು, “ಬೇರೆಯವನು ಬಂದು ಒಂದು ನಿಮಿಷದಲ್ಲಿ ಕಂಡುಹಿಡಿದ್ರೆ ಈ ಮನೇಲಿ ನಾನ್ಯಾಕೆ ಇರ್ಬೇಕು ಹೇಳು” ಎಂದ. ಅಜ್ಜಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡು ದಿನದಲ್ಲಿ ಹಾಕದಿದ್ದರೆ ತಾನೇ ಹೇಳುತ್ತೇನೆ ಎಂದು ಒಳಗೆ ಬಂದಳು. ಬಂದಮೇಲೆ, ಎರಡು ದಿನ ಯಾಕೆ ಕೊಟ್ಟೆ ಎಂದು ತನ್ನನ್ನೇ ಬೈದುಕೊಂಡಳು.

ಮರುದಿನ ಭಾನುವಾರ, ಎಲ್ಲರೂ ಮನೆಯಲ್ಲಿದ್ದರು. ಹಿಂದಿನ ದಿನದ ಮಾತಿಗೆ ಅಜ್ಜಿಗೆ ರಾತ್ರಿ ನಿದ್ದೆ ಹತ್ತಿರಲಿಲ್ಲ. ಬೆಳಿಗ್ಗೆ ಅವಳು ಹಿಟ್ಟು ನಾದುತ್ತ ಮಗುವನ್ನು ಮಗನ ಹತ್ತಿರ ಬಿಟ್ಟಿದ್ದಳು. ಮಗ ಫೋನು ನೋಡುತ್ತಿದ್ದ. ಸೊಸೆ ಯಾವಾಗ ಒಗೆಯುವ ಮೆಷಿನ್ನಿಗೆ ಬಟ್ಟೆ ತುಂಬಿ ಗುಂಡಿ ಒತ್ತಿದಳೋ ಅಜ್ಜಿಗೆ ತಿಳಿಯಲಿಲ್ಲ. ನೀರು ತುಂಬುವ ಸದ್ದು ಕೇಳಿ ತಲೆ ಎತ್ತಿದರೆ ಮಗನ ಪಕ್ಕ ಮಗುವಿಲ್ಲ.

ಹಿಂಬಾಗಿಲ ಬಳಿ ನೆಲವೆಲ್ಲ ಒದ್ದೆ. ಬುಗುರಿ ಬರಿಗಾಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಮೆಷಿನ್ನಿನ ಬಿಳಿ ತಗಡಿಗೂ ಅವಳ ಚಾಚಿದ ಕೈಗೂ ನಡುವೆ ಒಂದು ಗೇಣಿತ್ತು. ಮಗು ಗೋಡೆ ಬಿಟ್ಟು ಹೆಜ್ಜೆಯಿಟ್ಟಿತು. ಅದರ ಜೀವನದ ಮೊದಲ ಹೆಜ್ಜೆ.

“ಬೇಡಾ!”

ಅಜ್ಜಿಯ ಕಿರುಚಾಟಕ್ಕೆ ಮನೆಯೆಲ್ಲ ನಡುಗಿತು. ಹಿಟ್ಟಿನ ಕೈಯಲ್ಲೇ ಮಗುವಿನ ಅಂಗಿ ಹಿಡಿದು ಎಳೆದಳು. ಬುಗುರಿ ಬೆಚ್ಚಿ, ಬಿದ್ದು, ಉಸಿರು ಕಟ್ಟಿ ಅಳತೊಡಗಿದಳು. ಸೊಸೆ ಓಡಿಬಂದು ಮಗುವನ್ನು ಕಿತ್ತುಕೊಂಡಳು.

“ಹುಚ್ಚು ಹಿಡಿದಿದ್ಯಾ ಅತ್ತೆ ನಿಮಗೆ? ಮೊದಲ್ನೇ ಸಲ ನಡೀತು ಮಗು! ಹೀಗಾ ಎಳೆಯೋದು?”

“ಅಮ್ಮ, ಸಾಕು ಮಾಡು ಇದನ್ನ,” ಮಗ ಎದ್ದು ಬಂದ. “ನಿನಗೆ ಡಾಕ್ಟರ ಹತ್ರ ತೋರಿಸೋಣ.”

ಅಜ್ಜಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಕೋಲು ಊರಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿದಳು.

“ರೀ, ನರ ಅಂದ್ರಲ್ಲ ನನಗೆ. ಚಪ್ಪಲಿ ಬಿಟ್ಟು ಬನ್ನಿ. ಈ ನೀರಲ್ಲಿ ನಿಂತು ಮೆಷಿನ್ ಮುಟ್ಟಿ.”

ಅಜ್ಜ ತನ್ನ ಚಪ್ಪಲಿ ನೋಡಿಕೊಂಡ. ಬಿಡಲಿಲ್ಲ.

“ಮುಟ್ಟಿ ಅಂದೆ.”

“ಅಪ್ಪಾ?” ಮಗ ಅವನ ಕಡೆ ತಿರುಗಿದ.

“ನೀವು ಮುಟ್ಟಲ್ಲ ಅಂದ್ರೆ ಬುಗುರಿ ಮುಟ್ಲಿ. ಕೊಡಮ್ಮ ಮಗೂನ, ಅಲ್ಲಿ ನಿಲ್ಲಿಸ್ತೀನಿ,” ಎಂದು ಅಜ್ಜಿ ಸೊಸೆಯ ಕಡೆ ಕೈ ಚಾಚಿದಳು.

“ಬೇಡಾ!” ಅಜ್ಜ ಕೂಗಿದ. ಕೋಲು ಕೈಯಿಂದ ಜಾರಿತು. “ಬೇಡ ಕಣೇ. ಬೇಡ. ಬೋಲ್ಟು ನಾನೇ ಬಿಚ್ಚಿದೀನಿ.”

ಅದೇ ಬಾಗಿಲಲ್ಲಿ ಕುಸಿದು ಕೂತು ಅವನು ಎಲ್ಲ ಹೇಳಿದ. ಸ್ವಿಚ್ಚು ಬೀಳದ ಹಾಗೆ ಮಾಡಿದ್ದು. ಲೀಕು ಸಿಗದೇ ಹೋದದ್ದು. ಮೀಟರು ಹಿಡಿದರೆ ಕೈ ನಿಲ್ಲದಿರುವುದು. ಮಗುವನ್ನು ಎದೆಗೆ ಅವುಚಿಕೊಂಡು ಒಳಗೆ ಹೊರಟಿದ್ದ ಸೊಸೆ ಅರ್ಧದಾರಿಗೇ ನಿಂತಿದ್ದಳು.

“ನಾನು ಅಮ್ಮನ ಮನೇಗೆ ಹೋಗ್ತೀನಿ ಅಂದಿದ್ದಕ್ಕಾ ಮಾವ?”

“ಬುಗುರೀನೂ ಕರ್ಕೊಂಡು ಹೋಗ್ತೀನಿ ಅಂದೆಯಲ್ಲಮ್ಮ.”

“ಅದಕ್ಕೆ ಅವಳನ್ನೇ...” ಸೊಸೆಗೆ ಮಾತು ಮುಗಿಸಲಾಗಲಿಲ್ಲ. ಅಜ್ಜ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮಗ ಏನೋ ಬೈಯಲು ಬಾಯಿ ತೆರೆದ. ಅಜ್ಜಿ ಅಡ್ಡ ಬಂದಳು.

“ಬೈಯೋದು ಆಮೇಲೆ. ಮೊದಲು ಮೆಯಿನ್ ಆಫ್ ಮಾಡು. ಅಪ್ಪನ್ನ ಎಬ್ಬಿಸು.”

ಮೆಟ್ಟಿಲ ಕೆಳಗೆ ಮಗ ಟಾರ್ಚು ಹಿಡಿದ. ಅಜ್ಜ ತಾಮ್ರದ ಪಟ್ಟಿ ಕೂರಿಸಿ, ಸಲಾಕೆಯ ಹಸಿರು ವೈರು ಎಳೆದು, ಬೋಲ್ಟು ಹಾಕಲು ನೋಡಿದ. ಕೈ ನಡುಗಿ ಬೋಲ್ಟು ಜಾರಿತು. ಮತ್ತೆ ಜಾರಿತು. ಮಗ ಟಾರ್ಚನ್ನು ತಾಯಿಯ ಕೈಗೆ ಕೊಟ್ಟು, ಅಪ್ಪನ ಮಣಿಕಟ್ಟಿನ ಕೆಳಗೆ ತನ್ನ ಅಂಗೈ ಇಟ್ಟ. ಬೋಲ್ಟು ಕೂತಿತು. ಅಜ್ಜ ಸ್ಪ್ಯಾನರಿನಿಂದ ಬಿಗಿಮಾಡಿದ. ಬಿಗಿಯಾದ ಮೇಲೂ ಇನ್ನೊಂದು ಸಲ ತಿರುಗಿಸಿ ನೋಡಿದ.

“ಹಾಕು ಮೆಯಿನ್.”

ಫ್ಯಾನು ತಿರುಗಿತು. ಒಗೆಯುವ ಮೆಷಿನ್ನು ನೀರು ತುಂಬಿಕೊಂಡೇ ನಿಂತಿತ್ತು. ಮಗ ಬೂಟು ಹಾಕಿಕೊಂಡು ಹೋಗಿ ಅದರ ಗುಂಡಿ ಒತ್ತಿದ.

ಟಪ್.

ಅಜ್ಜಿ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

“ನೀರು ತುಂಬಿದಾಗ ಮಾತ್ರ,” ಅಜ್ಜ ತನಗೆ ತಾನೇ ಹೇಳಿಕೊಂಡ. “ನಾನು ಮಧ್ಯಾಹ್ನ ನೋಡ್ತಿದ್ದೆ. ಒಣಗಿರುವಾಗ. ಇದರಿಂದ ಸೋರಿದ್ದೇ ಹಸಿರು ವೈರಲ್ಲಿ ಫ್ರಿಜ್ಜಿಗೂ ಮೇಜಿಗೂ ಹೋಗ್ತಿತ್ತು.”

ಮಗ ಪ್ಲಗ್ಗು ಕಿತ್ತು ಆ ಮೆಷಿನ್ನನ್ನು ದರದರ ಎಳೆದು ಹಿತ್ತಿಲಿಗೆ ಹಾಕಿದ. ಸ್ವಿಚ್ಚು ಏರಿಸಿದರೆ ನಿಂತಿತು. ಫ್ರಿಜ್ಜು, ಪಂಪು, ಹೊಲಿಗೆ ಮೆಷಿನ್ನು, ಎಲ್ಲ ಹಾಕಿದರೂ ನಿಂತಿತು. ಸ್ವಿಚ್ಚಿನ ಪರೀಕ್ಷೆಯ ಗುಂಡಿ ಒತ್ತಿದರೆ ಬಿತ್ತು.

“ನಾಳೆ ಆ ಎಲೆಕ್ಟ್ರಿಷಿಯನ್ನೂ ಕರ್ಕೊಂಡು ಬಾ,” ಎಂದ ಅಜ್ಜ. “ನಾನು ಮಾಡಿದ್ದೆಲ್ಲ ಅವನು ಒಂದ್ಸಲ ನೋಡ್ಲಿ.”

ಆ ದಿನ ಮಧ್ಯಾಹ್ನದ ಊಟಕ್ಕೆ ಯಾರಿಗೂ ಹಸಿವಿರಲಿಲ್ಲ. ಸೊಸೆ ಮಗುವನ್ನು ಮಡಿಲಿನಿಂದ ಇಳಿಸಲಿಲ್ಲ. ಅಜ್ಜಿ ತಟ್ಟೆ ಮುಂದಿಟ್ಟಾಗ ಅವಳ ಕೈ ಹಿಡಿದುಕೊಂಡು, “ಅತ್ತೆ, ನಾನು ಏನೇನೋ ಅಂದೆ” ಎಂದಳು. “ಅಂದ್ರೆ ಅಂದೆ ಬಿಡು. ಬದುಕಿದೀವಲ್ಲ, ಅನ್ನೋಕೆ,” ಎಂದಳು ಅಜ್ಜಿ. ಆದರೆ ಫ್ರಿಜ್ಜು ತೆರೆಯಲು ಹೋದವಳು ರಬ್ಬರು ಹಾಸಿನ ಮೇಲೇ ನಿಂತುಬಿಟ್ಟಳು. ಕೈ ಮುಂದಕ್ಕೆ ಹೋಗಲಿಲ್ಲ. ಎಲ್ಲ ಸರಿಯಾಯಿತು ಎಂದು ತಲೆಗೆ ತಿಳಿದಿತ್ತು, ಕೈಗೆ ಇನ್ನೂ ತಿಳಿದಿರಲಿಲ್ಲ.

ಅಜ್ಜ ಅದನ್ನು ನೋಡಿದ. ಎದ್ದು ಬಂದ. ಹಾಸನ್ನು ಕಾಲಿನಿಂದ ಬದಿಗೆ ಸರಿಸಿದ. ಬಿಂದಿಗೆಯಿಂದ ಸ್ವಲ್ಪ ನೀರು ನೆಲಕ್ಕೆ ಚೆಲ್ಲಿದ. ಗೋಡೆ ಹಿಡಿದುಕೊಂಡು ಒಂದು ಚಪ್ಪಲಿ ಬಿಟ್ಟ, ಇನ್ನೊಂದು ಬಿಟ್ಟ. ಒದ್ದೆ ನೆಲದ ಮೇಲೆ ನಿಂತು, ಒದ್ದೆ ಅಂಗೈಯನ್ನು ಫ್ರಿಜ್ಜಿನ ತಗಡಿಗೆ ಪೂರ್ತಿ ಒತ್ತಿ ಹಿಡಿದ. ಕೈ ನಡುಗುತ್ತಿತ್ತು. ಅದು ಯಾವಾಗಲೂ ನಡುಗುವ ನಡುಕವೇ. ಅಜ್ಜಿ ಅವನ ಮುಖದಿಂದ ಕಣ್ಣು ಕೀಳಲಿಲ್ಲ.

“ಇಲ್ಲ,” ಎಂದ ಅವನು. “ಈಗ ಏನೂ ಇಲ್ಲ. ಮಗೂನ ಬಿಡಿ.”

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯಾಡಿಸಿದ ಮೇಲೆಯೇ ಮಗುವನ್ನು ನೆಲಕ್ಕೆ ಇಳಿಸಿದಳು. ಬುಗುರಿ ಯಾರ ಭಯವೂ ಇಲ್ಲದೆ ಅಜ್ಜನ ಮಂಡಿ ಹಿಡಿದು ಎದ್ದು ನಿಂತಳು.

ಅಜ್ಜನ ಚಪ್ಪಲಿ ಅವತ್ತಿನಿಂದ ಹೊಸಿಲಾಚೆಯೇ ಉಳಿಯಿತು. ಮಂಡಿ ನೋಯುತ್ತೆ, ಹಾಕ್ಕೊಳ್ರೀ ಎಂದು ಅಜ್ಜಿ ಎಷ್ಟು ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮನೆಯಲ್ಲಿ ಬರಿಗಾಲಲ್ಲಿ ಓಡಾಡುವವರು ಈಗ ಮೂವರು.